ಕೊಬ್ಬಿದ ಕರುವಿನ ವಿಚಾರ

ಪರಮಪೂಜ್ಯ ಅಣ್ಣನವರ ಪಾದಗಳಿಗೆ (ಚಪ್ಪಲಿ ಹೊರತುಪಡಿಸಿ) ತಮ್ಮನ ನಮಸ್ಕಾರ.

ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟ ಮೇಲೆ ನೀನು ಬರೆದ ಮೊದಲ ಕಾರ್ಡು ತಲುಪಿತು. "ಕರು ಕೊಬ್ಬಿದ್ದರೆ ಹೇಳಿ, ಬರ್ತೀನಿ" ಎಂಬ ಒಂದೇ ಸಾಲು ಓದಿ ಅಪ್ಪ ರಿಪೇರಿಗೆ ಬಿಚ್ಚಿದ್ದ ಗಡಿಯಾರವನ್ನು ಹಾಗೇ ಬಿಟ್ಟರು. "ಮೂರನೇ ಮಹಡೀಲಿ ಕರು ಎಲ್ಲಿಂದ ತರೋಣ? ಬರೋಕೆ ಇಷ್ಟ ಇಲ್ಲ, ಅದಕ್ಕೇ ಈ ಗೇಲಿ" ಅಂದರು. ಊಟಕ್ಕೂ ಏಳಲಿಲ್ಲ.

ನಾನು ಘನ ಸಂಶೋಧನೆಗೆ ಇಳಿದೆ. ನಿನ್ನ ಮಂಚದಡಿಯ ದಪ್ಪ ವಿದೇಶಿ ಕಾದಂಬರಿಯಲ್ಲಿ ಅದೇ ಕರು ಸಿಕ್ಕಿತು, ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಅರ್ಥವೂ ಇತ್ತು. ಅದು ಆ ಜನರ ಧರ್ಮಗ್ರಂಥದ ಕಥೆಯಂತೆ. ಮನೆ ಬಿಟ್ಟ ಮಗ ಮರಳಿದಾಗ ಅಪ್ಪ ಬೈಯದೆ ಓಡಿಹೋಗಿ ತಬ್ಬಿಕೊಂಡು, ಕೊಬ್ಬಿಸಿಟ್ಟ ಕರುವಿನ ಔತಣ ಕೊಡುತ್ತಾನೆ.

ಅಪ್ಪನಿಗೆ ಓದಿ ಹೇಳಿದೆ. ಬಹಳ ಹೊತ್ತು ಕನ್ನಡಕ ಒರೆಸಿ, "ಓಡೋಕೆ ಮೊಣಕಾಲು ಬಿಡಲ್ಲ, ಮೆಟ್ಟಿಲ ಹತ್ತಿರ ನಿಂತಿರ್ತೀನಿ ಅಂತ ಬರಿ" ಅಂದರು.

ಆದ್ದರಿಂದ ಭಾನುವಾರವೇ ಬಾ. ನೀನು ಹೊತ್ತೊಯ್ದ ನನ್ನ ನೀಲಿ ಸ್ವೆಟರನ್ನೂ ತಾ. ಆ ಕಥೆಯಲ್ಲಿ ಮನೆಯಲ್ಲೇ ಉಳಿದ ಇನ್ನೊಬ್ಬ ಮಗ ಮುನಿಸಿಕೊಂಡು ಹೊರಗೇ ನಿಲ್ಲುತ್ತಾನಂತೆ. ಆ ಪಾತ್ರ ನನ್ನದು. ಹಾಗಾಗಿ ಬೆಳಗಿನಿಂದಲೇ ಬಸ್ ನಿಲ್ದಾಣದಲ್ಲಿ ಮುನಿಸಿಕೊಂಡು ನಿಂತಿರುತ್ತೇನೆ.

ಇಂತಿ,
ಕರುವಿನ ಬದಲು ಕೊಬ್ಬಿರುವ
ನಿನ್ನ ತಮ್ಮ