ಕಂಪನಿ ನೀರು ಕುಡಿದ ಮರ

ರೈಲು ಹಳಿಯ ಪಶ್ಚಿಮದ ಪೇಟೆ, ನೆವಾಡಾ
ಜುಲೈ 1923

ರೈಲು ಕಂಪನಿಯ ನೀರಿನ ಏಜೆಂಟರಾದ ಹಾಲೊವೆಲ್ ಅವರಿಗೆ,

ಹಳಿಯ ಈಚೆಗೂ ನಲ್ಲಿ ಹಾಕಿಸಿ ಎಂದು ಕೇಳಿ ಕೇಳಿ ನಮ್ಮ ಬಾಯಿ ಒಣಗಿತು. ಆಗೆಲ್ಲ ತಿರುಗಿಯೂ ನೋಡದ ನೀವು ನಿನ್ನೆ ಗರಗಸದವನನ್ನು ಕಳಿಸಿದ್ದೀರಿ. ನಿಮ್ಮ ಟ್ಯಾಂಕಿಗೆ ನೀರು ಒಯ್ಯುವ ಹಳೆಯ ಹಲಗೆಯ ಕೊಳವೆ ಸೋರುವಲ್ಲಿ, ನನ್ನ ಬೇಲಿಯೊಳಗೆ, ಮರವೊಂದು ತಾನಾಗಿ ಬೆಳೆದಿದೆ. ಕೊಳವೆ ರಿಪೇರಿ ಮಾಡುವ ಬದಲು ಸೋಮವಾರ ಮರ ಕಡಿಯುತ್ತೀರಂತೆ.

"ಇದು ನನ್ನ ಹಿತ್ಲು ಕಣಪ್ಪಾ," ಎಂದೆ.

"ಹಿತ್ಲು ನಿಮ್ದೇ ಕಣಮ್ಮ. ಕಂಪ್ನಿ ನೀರು ಕುಡ್ದು ಬೆಳೆದಿದ್ದೆಲ್ಲ ಕಂಪ್ನೀದೇ ಅಂದವ್ರೆ ಸಾಹೇಬ್ರು," ಎಂದ.

ನನ್ನ ಗಂಡ ಲೂಥರ್ ಹದಿನಾರನೇ ವಯಸ್ಸಿನಿಂದ ನಿಮ್ಮ ಬಾಯ್ಲರ್ ತೊಳೆಯುತ್ತ, ನಿಮ್ಮ ಟ್ಯಾಂಕಿನ ನೀರನ್ನೇ ಕುಡಿದು ಬೆಳೆದವನು. ಬಾಯ್ಲರ್ ಸಿಡಿದು ಅವನು ಸತ್ತ ದಿನ, "ಅವನು ಗುತ್ತಿಗೆಯವನು, ನಮ್ಮವನಲ್ಲ" ಎಂದವರು ನೀವೇ.

ಸೋಮವಾರ ಧಾರಾಳವಾಗಿ ಬನ್ನಿ. ಸಲಿಕೆಯ ಹಿಡಿಗಳ ಮೇಲೆ ಕಾಯಿಸಿ ಒತ್ತುತ್ತೀರಲ್ಲ, ಆ ಕಂಪನಿ ಮುದ್ರೆಯನ್ನೂ ತನ್ನಿ. ದಾರಿಯಲ್ಲೇ ಸ್ಮಶಾನ ಸಿಗುತ್ತದೆ. ಲೂಥರನದು ಮರದ ಶಿಲುಬೆ, ಅದರಲ್ಲಿ ಅವನ ಹೆಸರಷ್ಟೇ ಇದೆ. ಹೆಸರಿನ ಕೆಳಗೆ ನಿಮ್ಮ ಮುದ್ರೆ ಒತ್ತಿ ಬನ್ನಿ. ಆಮೇಲೆ ಗರಗಸದ ಇನ್ನೊಂದು ತುದಿಯನ್ನು ನಾನೇ ಹಿಡಿಯುತ್ತೇನೆ.

ಇಂತಿ,
ಬಾವಿ ನೀರು ಕುಡಿದು ಯಾರ ಸ್ವತ್ತೂ ಆಗದ
ಆಗ್ನೆಸ್ ಟಾರ್ಪಿ