ಚಪ್ಪಡಿ ಕೆಳಗಿನ ಸುಣ್ಣ

ತಮ್ಮ ಶೆಕುವೆ,

ಪೆಂಬಾ ದ್ವೀಪದ ನಿನ್ನ ಗೋರಿಗೆ ಅಂಚೆ ಹೋಗುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಲಾಮುವಿನ ನಮ್ಮ ಹಳೇ ಮನೆಯ ಗೋಡೆಗೆ ಮೆತ್ತಿದ್ದ ಸಿಮೆಂಟನ್ನು ಇವತ್ತು ಕಿತ್ತುಹಾಕಿಸಿದೆ. ಹನ್ನೆರಡು ವರ್ಷದ ಹಿಂದೆ, ಹವಳದ ಕಲ್ಲಿನ ಗೋಡೆ ಉಸಿರಾಡಬೇಕು, ಸುಣ್ಣದ ಗಾರೆಯೇ ಆಗಬೇಕು ಎಂದು ನೀನು ಹಟ ಹಿಡಿದೆ. ನಾನು ಸಿಮೆಂಟಿನವನನ್ನು ಕರೆಸಿದೆ. ನೀನು ಮುನಿದು ಪೆಂಬಾಕ್ಕೆ ದೋಣಿ ಹತ್ತಿದೆ. ಸಿಮೆಂಟಿನಡಿ ಗೋಡೆ ಬೆವರಿ, ಅಜ್ಜ ಕೊರೆದ ಗೂಡುಗಳೆಲ್ಲ ಉದುರತೊಡಗಿದ್ದವು.

ರಿಪೇರಿಗೆ ಬಂದವನು ಗಾರೆ ಕೆಲಸದಲ್ಲಿ ನಿನ್ನ ಶಿಷ್ಯನಾಗಿದ್ದ ಫಮಾವು. ಅವನಿಗೂ ಗಡ್ಡ ನರೆತಿದೆ. ಹೊಸ ಸುಣ್ಣ ಹದಕ್ಕೆ ಬರಲು ತಿಂಗಳುಗಟ್ಟಲೆ ಬೇಕೆಂದು ಗೊಣಗುತ್ತ, ಅಂಗಳದಲ್ಲಿ ನೀನು ಸುಣ್ಣ ಅರಳಿಸಿಟ್ಟಿದ್ದ ಹೊಂಡದ ಚಪ್ಪಡಿ ಸರಿಸಿದ. ಒಳಗೆ ಸುಣ್ಣ ಬೆಣ್ಣೆಯ ಹಾಗಿತ್ತು.

"ನೀರು ಆರಿ ಇದು ಯಾವತ್ತೋ ಕಲ್ಲಾಗ್ಬೇಕಿತ್ತು, ಬೀಬಿ. ಯಾರು ನೀರು ಹಾಕ್ತಿದ್ರು?"

"ಮಳೆ ಬಿದ್ದಿರುತ್ತೆ."

"ಚಪ್ಪಡಿ ಕೆಳಗೂ ಮಳೆನಾ?" ಎಂದು ನಕ್ಕ.

"ಬಾಯಿ ಮುಚ್ಕೊಂಡು ಗಾರೆ ಕಲಸು" ಎಂದೆ.

ಸಂಜೆ ಅವನು ಹೋದ ಮೇಲೆ ಎಂದಿನಂತೆ ಕೊಡ ಹೊತ್ತು ಹೊಂಡದ ಬಳಿಗೆ ಹೋದೆ. ಅರ್ಧ ಖಾಲಿಯಾಗಿತ್ತು. ಉಳಿದದ್ದಕ್ಕೆ ನೀರು ಹೊಯ್ದು ಚಪ್ಪಡಿ ಎಳೆದೆ. ಈಚೆಗೆ ಅದು ಬಹಳ ಭಾರ.

ನಿನಗೆ ಇದನ್ನು ಹೇಳಬೇಕೆಂದೇನೂ ಇರಲಿಲ್ಲ.

ನಿನ್ನ ಅಕ್ಕ,
ಮ್ವಾನಾಇಶಾ