ಫರಸಿ ಕಲ್ಲಿನ ಬಾಣ

ತಾಂಡೂರು ಸ್ಟೇಷನ್, ೧೮ ಜುಲೈ ೧೯೪೬, ಗುರುವಾರ

ಇಂದೂ ಮನ್ಮಥಪ್ಪನದೇ ಗೆಲುವು. ತಂತಿ ಹೊಡೆಯುವುದನ್ನು ಇಬ್ಬರೂ ಒಂದೇ ಮೇಜಿನಲ್ಲಿ ಕಲಿತೆವು. ಈಗ ಅವನು ಹೈದರಾಬಾದಿನಲ್ಲಿ ವೈರ್‌ಲೆಸ್ ಹಿಡಿದು, ಹಾರುವ ಪೈಲಟರೊಡನೆ ಬಾಯಿಂದಲೇ ಮಾತಾಡುತ್ತಾನೆ. ನನಗೆ ಇಲ್ಲಿ ಇನ್ನೂ ಅದೇ ಕಟ್ಟ್ ಕಡಕಟ್ಟ್.

ಸಂಜೆ ಅವನ ತಂತಿ ಬಂತು: ಮುಂಬಯಿಯಿಂದ ಹೈದರಾಬಾದಿಗೆ ಬರುವ ವಿಮಾನ ಮೋಡದಲ್ಲಿ ದಾರಿ ತಪ್ಪಿದೆ, ತನ್ನ ಮಾತು ಅದಕ್ಕೆ ಕೇಳಿಸುತ್ತಿಲ್ಲ, ಅತ್ತ ಕಂಡರೆ ನೋಡು. ಓದಿ ಒಳಗೊಳಗೇ ಖುಷಿಪಟ್ಟೆ. ಅವನ ಬಾಯಿಯೂ ಕಟ್ಟಿತಲ್ಲ! ಅಷ್ಟರಲ್ಲಿ ತಲೆಯ ಮೇಲೆಯೇ ಸದ್ದು. ವಿಮಾನ ರೈಲು ಹಳಿ ಹಿಡಿದು, ಹೈದರಾಬಾದಿಗೆ ಉಲ್ಟಾ, ವಾಡಿಯ ಕಡೆಗೆ ಹೊರಟಿತ್ತು. ಮತ್ತೆ ತಿರುಗಿ ಬಂದು ಸುತ್ತತೊಡಗಿತು.

"ಹಣಮಯ್ಯಾ, ವ್ಯಾಗನ್ನಿಗೆ ತುಂಬಾಕ ಇಟ್ಟ ಫರಸಿ ಎಲ್ಲಾ ಬಯಲಿಗೆ ತರ್ರಿ, ಜಲ್ದಿ!" ಎಂದು ಹಮಾಲರನ್ನು ಕೂಗಿದೆ. ಕರಿಮಣ್ಣಿನ ಮೇಲೆ ಆ ನೆಲಹಾಸು ಕಲ್ಲು ಜೋಡಿಸಿ, ಸುಣ್ಣ ಸುರಿದು, ಹೈದರಾಬಾದಿನತ್ತ ದೊಡ್ಡ ಬಾಣ ಮಾಡಿದೆವು. ವಿಮಾನ ಬೇವಿನ ಮರದ ಮಟ್ಟಕ್ಕೆ ಇಳಿಯಿತು. ನಾನು ನಿಂತ ಕಡೆಗೆ ಸಲಾಮು ಹೊಡೆದಂತೆ ಒಂದು ರೆಕ್ಕೆ ಬಾಗಿಸಿ, ಬಾಣದ ದಿಕ್ಕಿಗೆ ಹೊರಟುಹೋಯಿತು.

ಊಟಕ್ಕೆ ಬಡಿಸುತ್ತ ಹೆಂಡತಿ ಸುಗಲಾಬಾಯಿ ಅಂದಳು: "ಮನ್ಮಥಪ್ಪಣ್ಣಾರು ತಂತಿ ಕೊಟ್ಟಿದ್ಕ ಇಮಾನ ಉಳೀತು ನೋಡ್ರಿ. ಭಾರಿ ಶ್ಯಾಣ್ಯಾ ಇದ್ದಾರ." ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದು ತಂತಿಯ ಮೇಜಿಗೆ ಹೋದೆ.

ಆಮೇಲೆ ಅವನದೇ ಇನ್ನೊಂದು ತಂತಿ. ವಿಮಾನ ಇಳಿಯಿತಂತೆ, ಪೈಲಟ್ ಬಾಣದ ಸಂಗತಿ ಹೇಳಿ ಇವನ ಕೈ ಕುಲುಕಿದನಂತೆ. ಕೊನೆಗೊಂದು ಪ್ರಶ್ನೆ: ಅಷ್ಟು ಹತ್ತಿರ ಹಾರುವಾಗ ವಿಮಾನ ಹೇಗೆ ಕಂಡಿತು? ತಾನು ಸದಾ ಖೋಲಿಯೊಳಗೆ, ಒಮ್ಮೆಯೂ ಹಾಗೆ ನೋಡಿಲ್ಲವಂತೆ.

"ಮೋಡ ಇತ್ತು, ಸರಿಯಾಗಿ ಕಾಣಲಿಲ್ಲ" ಎಂದು ಉತ್ತರ ಹೊಡೆದೆ. ಆ ರೆಕ್ಕೆ ಬಾಗಿದ್ದು ನನಗೊಬ್ಬನಿಗೇ ಇರಲಿ.